ಪಾಸ್ಟರ್ ಹೊರಗೆ ಹೋಗಿದ್ದಾರೆ

ಎಲ್ಲಕ್ಕೂ ಮೂಲ ಚರ್ಚಿನ ಹಿಂಬದಿಯ ವಾಶ್‌ಬೇಸಿನ್. ಭಾನುವಾರದ ಆರಾಧನೆ ಮುಗಿದ ಮೇಲೆ ಯಾರೋ ಪುಣ್ಯಾತ್ಮರು ಮಿಕ್ಕಿದ ಚಹಾವನ್ನು ಚರಟದ ಸಮೇತ ಅದಕ್ಕೆ ಸುರಿದು ಹೋಗಿದ್ದರು. ಸೋಮವಾರ ಬೆಳಗಾಗುವಷ್ಟರಲ್ಲಿ ಅದು ಗಂಟಲು ಕಟ್ಟಿದ ಮುದುಕನಂತೆ ಗೊರಗೊರ ಅನ್ನುತ್ತ ಕಂದು ನೀರು ತುಂಬಿಕೊಂಡು ನಿಂತಿತ್ತು.

ರಿಪೇರಿಯವನನ್ನು ಕರೆಸಲು ಚರ್ಚಿನ ಸಭೆಯ ಕಾರ್ಯದರ್ಶಿಗಳಾದ ಹೆಡ್‌ಮಾಸ್ತರರ ಅಪ್ಪಣೆ ಬೇಕು. ಅಪ್ಪಣೆಗೆ ಕಮಿಟಿ ಸೇರಬೇಕು. ಕಮಿಟಿ ಸೇರಿದರೆ ಮಾತು ವಾಶ್‌ಬೇಸಿನ್ ಬಿಟ್ಟು ಪಾಸ್ಟರರ ಪ್ರಸಂಗದ, ಅಂದರೆ ಭಾನುವಾರದ ಉಪದೇಶದ, ಕಡೆಗೆ ಹರಿಯುತ್ತದೆ. ಅದಕ್ಕಿಂತ ಪೈಪಿನ ಕೆಳಗೆ ಮಲಗುವುದೇ ಮೇಲೆಂದು ಹೊಸ ಪಾಸ್ಟರ್ ತಾನೇ ಬನಿಯನ್ ತೊಟ್ಟು, ಪ್ಯಾಂಟು ಮಡಚಿ, ತಲೆಗೆ ಟವೆಲ್ ಸುತ್ತಿ ಕೆಳಗೆ ನುಸುಳಿದ. ಅಪ್ಪ ಪ್ಲಂಬರ್ ಆಗಿದ್ದವನು. ಹುಡುಗನ ಕೈಗೆ ಗಿಲಕಿಗಿಂತ ಮೊದಲು ಸ್ಪ್ಯಾನರ್ ಸಿಕ್ಕಿತ್ತು. ದೇವಶಾಸ್ತ್ರದ ಕಾಲೇಜಿಗೆ ಕಳಿಸುವ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ನಿನ್ನ ಕೈಯಾದ್ರೂ ಒಣಗಿರ್ಲಿ ಮಗಾ."

ಕಾಲೇಜಿನಲ್ಲಿ ಪಾಲಕ, ಅಂದರೆ ಸಭೆಯನ್ನು ಕಾಯುವ ಪಾಸ್ಟರ್, ಅನ್ನಿಸಿಕೊಳ್ಳುವುದು ಹೇಗೆಂಬುದಕ್ಕೇ ಒಂದು ಪಾಠವಿತ್ತು. ಹೇಗೆ ನಡೆಯಬೇಕು, ಕೈ ಎಲ್ಲಿಡಬೇಕು, ರೋಗಿಯ ಮಂಚದ ಯಾವ ಪಕ್ಕಕ್ಕೆ ಕೂರಬೇಕು, ಎಲ್ಲವನ್ನೂ ಕಲಿಸಿದ್ದರು. ಇವನು ಅಲ್ಲಿಂದ ಚೆನ್ನಾಗಿ ಕಲಿತು ಬಂದದ್ದು ಒಂದು ದನಿ. ಹೊಟ್ಟೆಯ ಆಳದಿಂದ ಎದ್ದು, ಮೂಗಿನ ಹತ್ತಿರ ಒಂದಿಷ್ಟು ನಡುಗಿ ಹೊರಬೀಳುವ ದನಿ. ಖಾಲಿ ಡ್ರಮ್ಮಿನೊಳಗೆ ಕೂತ ಪಾರಿವಾಳದಂತೆ ಕೇಳುತ್ತಿತ್ತು. ನಿಲುವಂಗಿ ಮೈಮೇಲೆ ಬಿದ್ದರೆ ಸಾಕು, ಕರೆಯದಿದ್ದರೂ ಬಂದುಬಿಡುತ್ತಿತ್ತು.

ಆದರೂ ಸಭೆ ಇವನನ್ನು ಪಾಸ್ಟರ್ ಎಂದು ಒಪ್ಪಿರಲಿಲ್ಲ. ಹಿಂದಿನ ಪಾಸ್ಟರ್ ನಿವೃತ್ತರಾಗಿ ದೂರ ಹೋಗಿದ್ದರೂ ಅವರೇ 'ದೊಡ್ಡಯ್ಯನೋರು'. ಇವನು 'ಸಣ್ಣಯ್ಯನೋರು'. ಎತ್ತರದಲ್ಲಿ ಇವನೇ ಅವರಿಗಿಂತ ಒಂದು ಗೇಣು ಹೆಚ್ಚಿದ್ದರೂ ಆ ಹೆಸರು ಅಂಟಿದ್ದು ಅಂಟಿತು. ಇತ್ತೀಚೆಗೆ ಕನ್ನಡಿ ನೋಡಿಕೊಳ್ಳುವಾಗಲೂ ಅವನಿಗೆ, ಇದು ಯಾರದೋ ಅಂಗಿ ಹಾಕಿಕೊಂಡು ನಿಂತ ಯಾರೋ ಒಬ್ಬ ಅನ್ನಿಸುತ್ತಿತ್ತು.

ಪೈಪಿನ ತಿರುಪು ಬಿಚ್ಚಿದ್ದೇ ತಡ, ಕಂದು ನೀರೆಲ್ಲ ಮುಖದ ಮೇಲೆ ಸುರಿಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಎರಡು ಚಪ್ಪಲಿ ಕಂಡವು.

"ಏನಪ್ಪಾ, ಪಾಸ್ಟರ್ ಇದಾರಾ?"

ಚಹಾಪುಡಿಯನ್ನು ಮೀಸೆಯಂತೆ ಅಂಟಿಸಿಕೊಂಡು "ನಾನೇ" ಅನ್ನಲು ಅವನಿಗೆ ಬಾಯಿ ಬರಲಿಲ್ಲ. "ಇಲ್ಲಮ್ಮಾ, ಹೊರಗೆ ಹೋಗಿದಾರೆ," ಅಂದುಬಿಟ್ಟ.

ಆಕೆ ಹೋಗುತ್ತಾಳೆ, ತಾನು ಮುಖ ತೊಳೆದು ಅಂಗಿ ಹಾಕಿಕೊಂಡು ಹಿಂದೆಯೇ ಓಡುವುದು ಎಂದು ಅವನ ಲೆಕ್ಕ. ಆಕೆ ಹೋಗಲಿಲ್ಲ. ಅಲ್ಲೇ ಇದ್ದ ಮುರುಕು ಬೆಂಚಿನ ಮೇಲೆ ಕೂತಳು.

"ಬರ್ಲಿ, ಕಾಯ್ತೀನಿ. ಮನೆಗೆ ಹೋಗೋಕೆ ನಂಗೂ ಮನಸ್ಸಿಲ್ಲ. ರಾತ್ರಿ ನಮ್ಮನೆಯವರು ತೀರ್ಕೊಂಡ್ರು."

ಎರಡು ಬೀದಿ ಆಚೆ ಬಟ್ಟೆ ಹೊಲಿಯುವ ಟೈಲರಮ್ಮ ಆಕೆ. ಗಂಡ ಬಸ್ಸಿನಲ್ಲಿ ಟಿಕೆಟ್ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್. ಚರ್ಚಿಗೆ ಅವರೊಬ್ಬರೇ ಬರುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತು, ಪ್ರಸಂಗ ಶುರುವಾದೊಡನೆ ಕೈಗಡಿಯಾರ ನೋಡುತ್ತಿದ್ದರು. ಹೆಂಡತಿಯನ್ನು ಪಾಸ್ಟರ್ ಕಂಡದ್ದು ಇದೇ ಮೊದಲು. ಆಕೆಗೋ ಇವನು ಇವತ್ತೂ ಸರಿಯಾಗಿ ಕಂಡಿರಲಿಲ್ಲ. ಬೆಳಗಿನ ಗಲಾಟೆಯಲ್ಲಿ ನಾದಿನಿ ಆಕೆಯ ಕನ್ನಡಕದ ಮೇಲೆ ಕೂತುಬಿಟ್ಟಿದ್ದಳು.

ಕೆಲಸದವನ ಮುಂದೆ ಸಂಕೋಚವೇನು? ಆಕೆ ಗೋಡೆಯ ಕಡೆ ನೋಡುತ್ತ ಮಾತಾಡತೊಡಗಿದಳು.

"ಮನೇಲೂ ಅವರು ಇನ್‌ಸ್ಪೆಕ್ಟರೇ ಕಣಪ್ಪಾ. ಎಲ್ಲಿಗ್ ಹೋಗಿದ್ದೆ, ಯಾಕ್ ತಡ, ಯಾರ ಜೊತೆ ಮಾತಾಡ್ದೆ. ಅಡುಗೆಮನೆ ಬೀರುಗೂ ಬೀಗ. ಹೊಡೀಲಿಲ್ಲ, ಬಡೀಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಟಿಕೆಟ್ ಇಲ್ದೆ ಹತ್ತಿದವಳ ಹಾಗೇ ಬದುಕಿದೆ."

ಪೈಪಿನ ಕೆಳಗೆ ಸ್ಪ್ಯಾನರ್ ನಿಂತಿತು.

"ರಾತ್ರಿ ಉಸಿರು ನಿಲ್ತು. ಡಾಕ್ಟರು ಬಂದು ನೋಡಿ ಹೋದ್ರು. ಆಮೇಲೆ ನಾನೇನ್ ಮಾಡ್ದೆ ಗೊತ್ತಾ? ಪಕ್ಕದ ರೂಮಿಗೆ ಹೋಗಿ ಮಲಗ್ದೆ. ಬೆಳಗಿನ ತನಕ ಎಚ್ಚರಾನೇ ಆಗ್ಲಿಲ್ಲ. ಹೆಣ ಮನೇಲಿಟ್ಕೊಂಡು ಗೊರಕೆ ಹೊಡೆದವಳು ನಾನು. ಇದು ಪಾಪ ಅಲ್ವಾ? ಅದನ್ನ ಪಾಸ್ಟರ್ ಹತ್ರ ಕೇಳೋಣ ಅಂತಲೇ ಬಂದೆ. ಇಲ್ಲಿ ಬಂದ ಮೇಲೆ, ಅವರಿಲ್ದೆ ಇದ್ದಿದ್ದೇ ಒಳ್ಳೇದಾಯ್ತು ಅನ್ನಿಸ್ತಿದೆ."

ಪಾಸ್ಟರ್ ಆಗಿದ್ದರೆ ಇದಕ್ಕೆ ಬೈಬಲಿನ ಮೂರು ವಚನ ಸಿದ್ಧವಿದ್ದವು. ಪ್ಲಂಬರನ ಬಳಿ ಒಂದೂ ಇರಲಿಲ್ಲ. ಅವನು ಮೆಲ್ಲಗೆ ಕೇಳಿದ, "ಅಮ್ಮಾ, ಅದಕ್ಕೆ ಮುಂಚೆ ನೀವು ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನ ಆಗಿತ್ತು?"

ಆಕೆ ಬೆರಳು ಮಡಚಿ ಎಣಿಸತೊಡಗಿದಳು, ಎಣಿಕೆ ಎಲ್ಲೂ ನಿಲ್ಲಲಿಲ್ಲ. ಆಮೇಲೆ, ಗಂಡ ಸತ್ತ ಮೇಲೆ ಮೊದಲ ಸಲ, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅವನು ವಾಶ್‌ಬೇಸಿನ್ನಿನ ಕೆಳಗಿನಿಂದ ಹೊರಬಂದು ನೆಲದ ಮೇಲೆ ಸುಮ್ಮನೆ ಕೂತ. ಕೈ ಎಲ್ಲಿಡಬೇಕೆಂಬುದು ಅವನಿಗೆ ನೆನಪೇ ಆಗಲಿಲ್ಲ.

ಅತ್ತು ಹಗುರಾದ ಟೈಲರಮ್ಮ ಮೂಗು ಒರೆಸಿಕೊಂಡು, "ಪಾಸ್ಟರಿಗೆ ಒಂದು ಮಾತು ಹೇಳ್ಬಿಡು. ಸಂಜೆ ಸಮಾಧಿ ಹತ್ರ, ನಮ್ಮನೆಯವರು ಹಾಲಿನಂಥ ಮನುಷ್ಯ ಅಂತೆಲ್ಲ ಸುಳ್ಳು ಹೇಳೋದು ಬೇಡ. ನಂಗೆ ತಡ್ಕೊಳಕ್ಕಾಗಲ್ಲ," ಅಂದಳು. ಎದ್ದು ನಿಂತವಳು ಅವನ ಕೈಯ ಸ್ಪ್ಯಾನರ್ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. "ನಮ್ಮನೆ ಬಚ್ಚಲ ನಲ್ಲೀನೂ ಸೋರ್ತಿದೆ. ಮನೆ ತುಂಬ ಜನ ಬರ್ತಾರೆ. ಒಂದ್ ಗಳಿಗೆ ಬಂದು ನೋಡಪ್ಪಾ."

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳು ಮಾತ್ರ ಚಪ್ಪಲಿ ಮೆಟ್ಟಿ ಮುಂದೆ ಮುಂದೆ ನಡೆಯಿತು. ಅವನು ಹಿಂದೆ ಹೋದ.

ಮನೆಯಲ್ಲಿ ಸತ್ತವರ ತಂಗಿ, ಅಂದರೆ ಆ ನಾದಿನಿ, ಇವನನ್ನು ಕಂಡೊಡನೆ ಹೆಣದ ಕಾಲ ಬಳಿಯಿಂದಲೇ ಕೂಗಿದಳು: "ಅತ್ತಿಗೇ, ಪಾಸ್ಟರನ್ನ ಕರ್ಕೊಂಡು ಬಾ ಅಂದ್ರೆ ಪ್ಲಂಬರ್‌ನ ಕರ್ಕೊಂಡು ಬಂದ್ಯಾ? ಹೋಗ್ಲಿ, ಮೊದ್ಲು ಆ ಬೆಂಚು ಒಳಗಿಡಪ್ಪಾ."

ಅವನು ಬೆಂಚು ಒಳಗಿಟ್ಟ. ಪಕ್ಕದ ಮನೆಯವರು ಕುರ್ಚಿ ತರಿಸಿದರು. ಎದುರು ಮನೆಯವರು, ಹೇಗೂ ಬಂದಿದ್ದೀಯಲ್ಲ ಎಂದು ತಮ್ಮ ಅಡುಗೆಮನೆಯ ಸಿಂಕನ್ನೂ ತೋರಿಸಿದರು. ಇಷ್ಟು ದಿನ ಪಾಸ್ಟರ್ ಎಂದು ಮನೆ ಮನೆಗೆ ಹೋದಾಗ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದ ಬೀದಿ ಇಂದು ಅವನನ್ನು ನೇರ ಒಲೆಯವರೆಗೂ ಬಿಟ್ಟುಕೊಂಡಿತು. ಕೊಳೆ, ಚಹಾಪುಡಿ, ಟವೆಲ್ಲುಗಳ ನಡುವೆ ಅವನ ಮುಖ ಯಾರಿಗೂ ಬೇಕಾಗಿರಲಿಲ್ಲ.

ಕೊನೆಗೆ ಬಚ್ಚಲಿಗೆ ಹೋಗಿ ನಲ್ಲಿ ಸಡಿಲಿಸಿ ಕೂತಾಗ ಹಜಾರದಲ್ಲಿ ಪರಿಚಿತ ಗಂಟಲೊಂದು ಗುಡುಗಿತು. ಹೆಡ್‌ಮಾಸ್ತರರು! ಪಾಸ್ಟರ್ ಮೆಲ್ಲಗೆ ಬಚ್ಚಲ ಬಾಗಿಲಿನ ಚಿಲಕ ಹಾಕಿದ.

"ಚರ್ಚಿಗೆ ಹೋಗಿ ನೋಡ್ದೆ, ಆಸಾಮಿ ನಾಪತ್ತೆ," ಹೆಡ್‌ಮಾಸ್ತರರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. "ಸಾವಿನ ಮನೆಗೆ ಮೊದಲು ಬರ್ಬೇಕಾದವನು ಪಾಲಕ. ದೊಡ್ಡಯ್ಯನೋರಾಗಿದ್ರೆ ಇಷ್ಟ್ ಹೊತ್ತಿಗೆ ಎರಡು ಸಲ ಪ್ರಾರ್ಥನೆ ಮಾಡಿರೋರು. ಇವರಿಗೆ ಆ ಅರಿವೇ ಇಲ್ಲ. ಪಾಲಕ ಅನ್ನೋದು ರಕ್ತದಲ್ಲಿ ಬರ್ಬೇಕು. ತಡೀರಿ, ಫೋನ್ ಹಾಕ್ತೀನಿ."

ಪಾಸ್ಟರನ ಪ್ಯಾಂಟಿನ ಜೇಬಿನಲ್ಲಿ ಚರ್ಚಿನ ಗಂಟೆಯೇ ಮೊಳಗಿತು. ಆ ರಿಂಗನ್ನು ಭಕ್ತಿಯಿಂದ ಹಾಕಿಸಿಕೊಂಡವನು ಅವನೇ. ಕೈ ಒದ್ದೆ, ಫೋನು ಜಾರುತ್ತದೆ. ಬೇರೆ ದಾರಿ ಕಾಣದೆ, ಗಂಟೆಯ ಸದ್ದು ನೀರಿನಲ್ಲಿ ಮುಳುಗಲೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದ. ಸಡಿಲವಾಗಿದ್ದ ನಲ್ಲಿ ಕೈಗೇ ಬಂತು. ನೀರು ಛಾವಣಿಗೆ ಚಿಮ್ಮಿತು. ಗಂಟೆ ಸತ್ತಿತು. ಫೋನೂ ಸತ್ತಿತು.

"ಆಫ್ ಮಾಡ್ಕೊಂಡಿದಾನೆ ನೋಡಿ!" ಹೆಡ್‌ಮಾಸ್ತರರ ದನಿ. "ಒಳಗೆ ಅದ್ಯಾರು ಜಲಪ್ರಳಯ ಮಾಡ್ತಿರೋದು?"

"ಪ್ಲಂಬರ್ ಸಾರ್," ಟೈಲರಮ್ಮ ಹೇಳಿದಳು. "ಪಾಪ, ಒಳ್ಳೆಯವನು. ಅವನ್ನ ಏನೂ ಅನ್ಬೇಡಿ."

ತನ್ನನ್ನು ಯಾರೋ ವಹಿಸಿಕೊಂಡು ಮಾತಾಡಿದ್ದನ್ನು ಈ ಊರಿಗೆ ಬಂದ ಮೇಲೆ ಅವನು ಕೇಳಿದ್ದು ಇದೇ ಮೊದಲು. ಹೇಗೋ ನಲ್ಲಿ ಕೂರಿಸಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಂದಿಯಲ್ಲಿ ತಲೆ ತಗ್ಗಿಸಿ ಓಡಿದ.

ಸಂಜೆ ಸ್ಮಶಾನದಲ್ಲಿ ಆಕಾಶ ತೊಳೆಯದ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ಬಿಳಿ ನಿಲುವಂಗಿಯೊಳಗೆ ಒದ್ದೆ ಪ್ಯಾಂಟಿನಲ್ಲೇ ನಿಂತಿದ್ದ ಪಾಸ್ಟರನ ಕಿವಿಗೆ ನಾದಿನಿ ಬಾಯಿಟ್ಟಳು. "ನಮ್ಮಣ್ಣ ಹಾಲಿನಂಥವನು, ಅತ್ತಿಗೇನ ಹೂವಿನ ಹಾಗೆ ನೋಡ್ಕೊಂಡ ಅಂತ ಹೇಳ್ಬೇಕು." ಹೆಡ್‌ಮಾಸ್ತರರು ಹಿಂದೆ ನಿಂತು, "ಹೇಳಿ. ಇದನ್ನಾದ್ರೂ ಸರಿಯಾಗಿ ಹೇಳಿ," ಎಂದು ಪಿಸುಗುಟ್ಟಿದರು.

ಟೈಲರಮ್ಮ ಸೆರಗು ಹೊದ್ದು ತಲೆ ತಗ್ಗಿಸಿ ಪೆಟ್ಟಿಗೆಯ ಪಕ್ಕ ನಿಂತಿದ್ದಳು.

ಪಾಸ್ಟರ್ ಬಾಯಿ ತೆರೆದ. ಡ್ರಮ್ಮಿನೊಳಗಿನ ಪಾರಿವಾಳವೇ ಹೊರಬಂತು. ದನಿ ಹಾಗೇ ನಡುಗುತ್ತಿತ್ತು, ಆದರೆ ಮಾತು ಬೇರೆಯಾಗಿತ್ತು. "ನಮ್ಮ ಸಹೋದರರು ತಮ್ಮ ಕೆಲಸದಲ್ಲಿ ಒಬ್ಬರನ್ನೂ ಬಿಟ್ಟವರಲ್ಲ. ಎಲ್ಲರನ್ನೂ ಕೇಳಿದರು, ಎಲ್ಲವನ್ನೂ ಪರೀಕ್ಷಿಸಿದರು. ಇನ್ನು ಅವರನ್ನು ಕೇಳುವವನು ಬೇರೆ ಇದ್ದಾನೆ. ಅದನ್ನು ಅವನಿಗೆ ಬಿಡೋಣ. ಅವರ ಜೊತೆ ಬದುಕಿದವರು ದಣಿದಿದ್ದಾರೆ. ದಣಿದವರಿಗೆ ನಿದ್ದೆ ಬಂದರೆ ಅದು ಪಾಪವಲ್ಲ, ದೇವರು ಕೊಟ್ಟ ಕೂಲಿ."

ಸೆರಗಿನ ಒಳಗೆ ಟೈಲರಮ್ಮನ ತಲೆ ಒಮ್ಮೆ ಮೇಲೆದ್ದು ಮತ್ತೆ ಬಾಗಿತು. ಹಾಗಾದರೆ ಇದೇ ನನ್ನ ಕೆಲಸ, ನಾನು ಪಾಸ್ಟರೇ ಹೌದು ಎಂಬುದು ಅವತ್ತು, ಆ ಹಸಿಮಣ್ಣಿನ ಅಂಚಿನಲ್ಲಿ, ಅವನಿಗೆ ಮೊದಲ ಬಾರಿಗೆ ಹೊಳೆಯಿತು.

ಮಣ್ಣು ಹಾಕಿ ಮುಗಿದ ಮೇಲೆ ಟೈಲರಮ್ಮ ತಡವರಿಸುತ್ತ ಅವನ ಬಳಿಗೆ ಬಂದಳು.

"ಅಯ್ಯನೋರೆ, ಆ ಪ್ಲಂಬರ್ ನಿಮಗೆ ಹೇಳಿದ್ನಲ್ಲಾ, ಅಷ್ಟೇ ಸಾಕು. ಅವನ ಮನಸ್ಸಲ್ಲಿದ್ದನ್ನ ಹಾಗೇ ಹೇಳಿದ್ರಿ. ಆ ಪುಣ್ಯಾತ್ಮನ ಹೆಸರೂ ಕೇಳ್ಲಿಲ್ಲ ನಾನು. ದೇವರೇ ಬಂದು ನೆಲದ ಮೇಲೆ ಕೂತ ಹಾಗಿತ್ತು."

ಅವನು ತಡೆಯಲಾರದೆ ಹೋದ. "ಅಮ್ಮಾ," ಅಂದ, "ಅದು ನಾನೇ."

ಬೆಳಗಿನ ದನಿಯಲ್ಲೇ ಹೇಳಬೇಕೆಂದಿದ್ದ. ಆದರೆ ನಿಲುವಂಗಿ ಮೈಮೇಲಿತ್ತು. ಹೊರಬಂದದ್ದು ಸಮಾಧಿಯೊಳಗಿನಿಂದ ಎದ್ದಂಥ ದನಿ: "ಅದೂ... ನಾನೇಏ..."

ಟೈಲರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಕಣ್ಣು ಕಿರಿದು ಮಾಡಿ ಆ ಬಿಳಿ ಆಕಾರವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಛೆ, ಛೆ! ಬಡವ, ಕೂಲಿ ಮಾಡೋನು. ಅವನಿಗೆ ಇರೋದೇ ಒಂದು ಒಳ್ಳೇತನ. ಅದನ್ನೂ ನೀವೇ ಹೊಡ್ಕೋತೀರಾ ಅಯ್ಯನೋರೆ?"

"ಇಲ್ಲಮ್ಮಾ, ನಿಜವಾಗ್ಲೂ..." ಪಾರಿವಾಳ ಮತ್ತೆ ಗುಟುರು ಹಾಕಿತು.

"ಸಾಕು," ಎಂದು ಆಕೆ ಹೊರಟೇಹೋದಳು. ಹೋಗುವಾಗ ಹೆಡ್‌ಮಾಸ್ತರರ ಬಳಿ ನಿಂತು ಏನೋ ಹೇಳಿದಳು. ಆಮೇಲೆ ನಾದಿನಿಯೂ ಅದೇ ಹೆಡ್‌ಮಾಸ್ತರರ ಬಳಿ ನಿಂತು, ಇನ್ನೂ ಜೋರಾಗಿ, ಹಾಲಿನ ಸುದ್ದಿಯೇ ಬರಲಿಲ್ಲವೆಂದು ಅತ್ತಳು.

ಎಲ್ಲರೂ ಚದುರಿದ ಮೇಲೆ ಹೆಡ್‌ಮಾಸ್ತರರು ಗೇಟಿನ ಬಳಿ ಇವನನ್ನು ತಡೆದರು. ಮುಖದಲ್ಲಿ ಕೋಪಕ್ಕಿಂತ ಬೇಸರವೇ ಹೆಚ್ಚಿತ್ತು.

"ಬೆಳಿಗ್ಗೆಯಿಂದ ಕಾಣಲಿಲ್ಲ, ಫೋನ್ ಆಫ್. ಅದನ್ನ ಬಿಡೋಣ. ಕೆಲಸದವನ ಪುಣ್ಯ ಕದಿಯೋದು ಪಾಲಕನಿಗೆ ತಕ್ಕದ್ದಾ ಸಣ್ಣಯ್ಯನೋರೆ? ಬಿಷಪ್ಪರಿಗೆ ಬರೀಬೇಕು ಅಂತಿದ್ದೆ. ಆ ಅಮ್ಮನೇ, ಬೇಡ, ಕಲೀಲಿ ಅಂದ್ಲು."

"ಕಲೀತೀನಿ ಸಾರ್."

"ಹೇಗ್ ಕಲೀತೀರಿ? ಅದಕ್ಕೇ ಒಂದು ದಾರಿ ಹುಡುಕಿದೀನಿ. ಬರೋ ಭಾನುವಾರ ಆ ಪ್ಲಂಬರ್‌ನ ಚರ್ಚಿಗೆ ಕರ್ಕೊಂಡು ಬನ್ನಿ. ಪ್ರಸಂಗದ ಹೊತ್ತಲ್ಲಿ ಅವನೇ ನಾಲ್ಕು ಮಾತಾಡ್ಲಿ. ನೀವು ನಿಲುವಂಗಿ ಹಾಕ್ಕೊಂಡು ಮುಂದಿನ ಬೆಂಚಲ್ಲಿ ಕೂತು, ಪಾಲಕ ಅಂದ್ರೆ ಹೇಗಿರ್ಬೇಕು ಅಂತ ನೋಡಿ. ಇಬ್ರೂ ಬರ್ಬೇಕು. ಒಬ್ರು ತಪ್ಪಿದ್ರೂ ಬಿಷಪ್ಪರಿಗೆ ಕಾಗದ ಹೋಗುತ್ತೆ."