ಕಿಂಡಿ ಸಾಹೇಬರ ಕ್ಯಾರೆಟ್ ಬೇಸಾಯ

ಅಂದಿನ ರಾದ್ಧಾಂತ ಶುರುವಾದದ್ದು ಪಕ್ಕದ ಮನೆಯ ದರ್ಜಿಯ ಕತ್ತರಿಯಿಂದ. ಬೆಳಿಗ್ಗೆ ಕಿಂಡಿ ಸಾಹೇಬರು ಕಟ್ಟಡದ ಹಿಂದಿನ ತಮ್ಮ ಪಾತಿಗೆ ಬಂದು ನೋಡಿದರೆ, ಕ್ಯಾರೆಟ್ ಗಿಡಗಳ ಸೊಪ್ಪೆಲ್ಲ ಆಗಷ್ಟೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಸಮನಾಗಿ ನಿಂತಿತ್ತು.

“ಒಂದು ಉದ್ದ, ಒಂದು ಗಿಡ್ಡ ಇತ್ತು ಸಾಹೇಬ್ರೇ. ಮಗಳು ಬರ್ತಾಳೆ ಅಂದ್ರಲ್ಲ, ನೀಟಾಗಿರ್ಲಿ ಅಂತ ಅಂಚು ಸರಿ ಮಾಡ್ದೆ,” ಎಂದ ದರ್ಜಿ, ಶಹಭಾಸ್‌ಗಿರಿಗೆ ಕಾಯುತ್ತ.

ಸಾಹೇಬರ ಗಂಟಲವರೆಗೆ ಬಂದದ್ದು ಬೇರೆಯೇ ಮಾತು. ಬಸ್ ನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ಕೂತು ಕಂಡವರ ಮೇಲೆಲ್ಲ ಹರಿಹಾಯ್ದೇ ನಿವೃತ್ತರಾದವರು ಅವರು. ಆ ಬಾಯಿ ಸಂಜೆ ಅವರೊಂದಿಗೆ ಮನೆಗೂ ಬರುತ್ತಿತ್ತು. ಮೂರು ವರ್ಷದ ಹಿಂದೆ ಮಗಳ ಕೈಯಿಂದ ಲೋಟ ಜಾರಿ ಒಡೆದಾಗ ಅವರು ಅರಚಿದ್ದು ಇಡೀ ಕಟ್ಟಡಕ್ಕೆ ಕೇಳಿತ್ತು, ಅದೂ ಅಳಿಯನ ಎದುರಿಗೇ. ತಟ್ಟೆ ಬಿಟ್ಟು ಎದ್ದು ಹೋದವಳು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

ಆಮೇಲೆ ರಕ್ತದೊತ್ತಡ ಏರಿತು. ಡಾಕ್ಟರು, “ಏನಾದ್ರೂ ಬೆಳೀರಿ. ಗದರಿಸಿದ್ರೆ ಬೇಗ ಬೆಳೆಯೋದಿಲ್ಲ ಅದು,” ಎಂದರು. ಕಟ್ಟಡದ ಹಿಂದೆ ಎರಡು ಮಂಚ ಹಿಡಿಸುವಷ್ಟು ನೆಲ ಸಿಕ್ಕಿತು. ಮೊದಮೊದಲು ಸಾಹೇಬರು ಮೊಳಕೆಗಳನ್ನೂ ಬೈದರು. ಅವು ಕ್ಯಾರೇ ಅನ್ನಲಿಲ್ಲ. ಬರಬರುತ್ತ ಇವರೇ ಮೆತ್ತಗಾದರು. “ನಿಮ್ಮಪ್ಪ ಮೊದಲಿನ ಹಾಗಿಲ್ಲ ಕಣೆ, ಒಂದ್ಸಲ ಬಂದು ನೋಡು,” ಎಂದು ಹೆಂಡತಿ ಫೋನಿನಲ್ಲಿ ಗೋಗರೆದ ಮೇಲೆ ಮಗಳು ಇವತ್ತು ಬರಲು ಒಪ್ಪಿದ್ದಳು. ತಾನು ಬದಲಾದದ್ದನ್ನು ಅವಳು ಕಣ್ಣಾರೆ ಕಾಣಬೇಕು, ಮತ್ತೆ ಮನೆಗೆ ಬಂದುಹೋಗಿ ಮಾಡಬೇಕು. ಸಾಹೇಬರಿಗೆ ಬೇರೆ ಆಸೆಯಿರಲಿಲ್ಲ.

“ಚೆನ್ನಾಗಿದೆ,” ಎಂದು ಅವರು ದರ್ಜಿಯ ಬೆನ್ನು ತಟ್ಟಿದರು.

ಮಧ್ಯಾಹ್ನ ಮೇಲಿನ ಮನೆಯ ಮೇಷ್ಟ್ರು ಪಾತಿಯಲ್ಲೇ ಸಿಕ್ಕಿಬಿದ್ದರು. ದಿನಾ ಒಂದಷ್ಟು ಕ್ಯಾರೆಟ್ ಕಿತ್ತು, ಎಷ್ಟು ಬೆಳೆದಿದೆ ಎಂದು ನೋಡಿ, ಮತ್ತೆ ಊರಿಹೋಗುವುದು ಅವರ ಅಭ್ಯಾಸವಂತೆ.

“ಪರೀಕ್ಷೆ ಮಾಡ್ದೆ ಪ್ರಗತಿ ಹೇಗ್ರೀ ಗೊತ್ತಾಗತ್ತೆ?” ಎಂದು ಅವರೇ ದಬಾಯಿಸಿದರು. “ನಿಮ್ಮವೆಲ್ಲಾ ಫೇಲು. ಕಿರುಬೆರಳಿಗಿಂತ ದಪ್ಪ ಒಂದೂ ಇಲ್ಲ.”

“ದಿನಾ ಕಿತ್ರೆ ಎಲ್ಲಿಂದ ದಪ್ಪ ಆಗ್ಬೇಕು ಮೇಷ್ಟ್ರೇ?” ಸಾಹೇಬರ ಕಿವಿ ಕೆಂಪಾಯಿತು, ದನಿ ಮಾತ್ರ ಏರಲಿಲ್ಲ.

ಈ ಫಲಿತಾಂಶ ಕೇಳಿ ಕೆಳಮನೆಯ ನಲ್ಲಿ ರಿಪೇರಿಯವನ ಕರುಳು ಚುರುಕ್ ಎಂದಿತು. ಚೆನ್ನಾಗಿ ನೀರು ಕುಡಿಸಿದರೆ ಸಂಜೆಯೊಳಗೆ ಊದಿಕೊಳ್ಳುತ್ತವೆ ಎಂದುಕೊಂಡು ಯಾರಿಗೂ ಹೇಳದೆ ಪೈಪು ಬಿಟ್ಟು, ಕೆಲಸಕ್ಕೆ ಕರೆ ಬಂತೆಂದು ಹೊರಟೇಹೋದ. ಅವನು ನೆನಪಾಗಿ ಓಡಿಬರುವಷ್ಟರಲ್ಲಿ ಪಾತಿ ಕೆರೆಯಾಗಿ ಕ್ಯಾರೆಟ್ಟುಗಳು ತೇಲುತ್ತಿದ್ದವು. ಗಾಬರಿಯಲ್ಲಿ ನುಗ್ಗಿದವನು ಜಾರಿ ಬಿದ್ದು, ಉಳಿದ ನಾಲ್ಕನ್ನೂ ಬೆನ್ನಡಿ ಅಪ್ಪಚ್ಚಿ ಮಾಡಿದ.

ಸಾಹೇಬರು ಕೈ ಕೊಟ್ಟು ಎಬ್ಬಿಸಿದರು. “ಪರವಾಗಿಲ್ಲ ಬಿಡಪ್ಪ, ಮತ್ತೆ ಬಿತ್ತಿದ್ರಾಯ್ತು. ಪೆಟ್ಟಾಯ್ತಾ? ಬಾ, ಒಣಗಿದ ಬಟ್ಟೆ ಕೊಡ್ತೀನಿ.”

ತಿರುಗಿ ನೋಡಿದರೆ ಕಟ್ಟಡದ ಹಿಂಬಾಗಿಲಲ್ಲಿ ಮಗಳು. ಎಲ್ಲವನ್ನೂ ನೋಡುತ್ತ ನಿಂತಿದ್ದಾಳೆ, ಕಣ್ಣು ತುಂಬಿದೆ. ಬೆಳೆ ಹೋದರೇನು, ಕಾಣಬೇಕಾದದ್ದು ಅವಳಿಗೆ ಕಂಡಿತಲ್ಲ ಎಂದು ಸಾಹೇಬರ ಎದೆ ಉಬ್ಬಿತು.

“ನೋಡ್ದೆಯಾ ಮಗಳೇ?”

“ನೋಡ್ದೆ ಅಪ್ಪ,” ಎಂದಳು ಅವಳು. “ನಮ್ಮಪ್ಪನಿಗೆ ಹುಟ್ಟಿನಿಂದ್ಲೇ ತಾಳ್ಮೆ ಇಲ್ಲ, ಪಾಪ ಏನು ಮಾಡ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡು ಬಂದಿದ್ದೆ. ಮನಸ್ಸು ಮಾಡಿದ್ರೆ ನಿಮಗೂ ಬರತ್ತೆ ಅಂತ ಈಗ ಗೊತ್ತಾಯ್ತು. ಒಂದು ಪಾತಿಗೋಸ್ಕರ ಕಲಿತಿದ್ದನ್ನ ನನಗೋಸ್ಕರ ಯಾಕೆ ಕಲೀಲಿಲ್ಲ?”

ಸಾಹೇಬರು ಕೈಯ ಕೆಸರನ್ನು ಪಂಚೆಗೆ ಒರೆಸಿಕೊಂಡರು. ಬೈಗುಳ ಬಿಟ್ಟಿದ್ದರು, ಅದರ ಜಾಗಕ್ಕೆ ಬೇರೆ ಮಾತು ಇನ್ನೂ ಬಂದಿರಲಿಲ್ಲ. ಅವಳು ಮನೆಯೊಳಗೂ ಕಾಲಿಡದೆ ಬಂದ ದಾರಿಯಲ್ಲೇ ಹೊರಟುಹೋದಳು.

ಮಗಳ ದನಿ ಕೇಳಿ ಹೆಂಡತಿ ಓಡಿಬಂದರು. “ಎಲ್ರೀ ಅವಳು? ಮತ್ತೆ ಬೈದ್ರಾ?”

“ಇಲ್ಲ ಕಣೆ,” ಎಂದರು ಸಾಹೇಬರು, ಕೆಸರಿನಲ್ಲೇ ನಿಂತು. “ಬೈದಿದ್ರೆ ಊಟಕ್ಕಾದ್ರೂ ಇರ್ತಿದ್ಲೇನೋ.”