ಕುಳ್ಳನ ಮೋಟಾರ್ ಸೈಕಲ್ಲಿಗೆ ನಂಬರ್ ಸಿಕ್ಕಿದ್ದು

ಬೇರೆಯವರು ಕಚೇರಿಗೆ ಹೋದರೆ ಕೆಲಸ ಆಗುತ್ತದೆ. ನಾನು ಹೋದರೆ ಬರೀ ಪ್ರಸಂಗಗಳಾಗುತ್ತವೆ. ರೇಷನ್ ಅಂಗಡಿಯಲ್ಲೂ ಅಷ್ಟೆ, ನಲ್ಲಿ ಕನೆಕ್ಷನ್ ಕೇಳಲು ಹೋದರೂ ಅಷ್ಟೆ. ಹೇಳಿಕೊಂಡರೆ ಜನ ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಈಗಲೂ ಮೈ ಉರಿಯುತ್ತದೆ.

ನಾನು ಕುಳ್ಳ. ಮುಚ್ಚಿಡುವುದೇನಿಲ್ಲ, ಮುಚ್ಚಿಟ್ಟರೂ ಕಾಣುತ್ತದೆ. ವಿದ್ಯಾರಣ್ಯಪುರಂನ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಮೋಟಾರ್ ಸೈಕಲ್ಲಿನ ಹುಚ್ಚು ಚಿಕ್ಕಂದಿನಿಂದ ಇತ್ತು, ಆದರೆ ಯಾವುದನ್ನು ಹತ್ತಿದರೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಿಲ್ಲಿಸಬೇಕಾದರೆ ಗೋಡೆ ಹುಡುಕಬೇಕು. ಅದಕ್ಕೇ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಯೊಂದರ ಎಂಜಿನ್ ಕೊಂಡು, ಪೈಪು ಬಗ್ಗಿಸಿ, ಬೆಸುಗೆ ಹಾಕಿ, ನನ್ನ ಕಾಲಿನ ಅಳತೆಗೆ ನಾನೇ ಫ್ರೇಮು ಕಟ್ಟಿದೆ. ಚೆನ್ನಾಗಿ ಓಡಿತು. ನಂಬರ್ ಒಂದು ಬೇಕಿತ್ತು.

ಯಾವ ಕಂಪನಿ?

ಗಾಡಿಗಳಿಗೆ ನಂಬರ್ ಕೊಡುವ ಕಚೇರಿಯ ಗುಮಾಸ್ತರು ತಲೆ ಎತ್ತದೆ ಕೇಳಿದರು: "ಯಾವ ಕಂಪನೀದು?"

"ಯಾವ ಕಂಪನೀದೂ ಅಲ್ಲ ಸ್ವಾಮಿ. ನಾನೇ ಮಾಡಿದ್ದು."

"ನೀವು ಕಂಪನಿಯೇ?"

"ಅಲ್ಲ, ಫಿಟ್ಟರ್."

"ಕಂಪನಿ ಮಾಡದೆ ಮೋಟಾರ್ ಸೈಕಲ್ ಹೇಗ್ರೀ ಆಗುತ್ತೆ?"

ನನಗೆ ರೇಗಿತು. "ಮನೇಲಿ ಮಾಡಿದ ಇಡ್ಲಿ ಹೋಟ್ಲಿಂದ ಬಂದಿಲ್ಲ ಅಂತ ಇಡ್ಲಿ ಅಲ್ವಾ ಸ್ವಾಮಿ?"

ಅವರು ಪೆನ್ನು ಕೆಳಗಿಟ್ಟು ಶಾಂತವಾಗಿ ಹೇಳಿದರು: "ಇಡ್ಲಿ ವಿಚಾರ ನಮ್ಮಲ್ಲಿಲ್ಲ. ಮುನಿಸಿಪಾಲಿಟಿಗೆ ಹೋಗಿ."

ಇನ್‌ಸ್ಪೆಕ್ಟರ ಮೊಣಕಾಲು

ಅಲೆದೂ ಅಲೆದೂ ಜೋಡು ಸವೆದ ಮೇಲೆ ಅದೇ ಕಚೇರಿಯ ಇನ್‌ಸ್ಪೆಕ್ಟರು ಗಾಡಿ ಪರೀಕ್ಷೆಗೆ ಒಪ್ಪಿದರು. ಆರಡಿ ಮೀರಿದ ಆಳು. ನಾನು ಓಡಿಸಿ ತೋರಿಸುತ್ತೇನೆ ಅಂದರೆ ಕೇಳಲಿಲ್ಲ, ಕೋಟು ಬಿಚ್ಚಿ ತಾವೇ ಕೂತರು. ಮೊಣಕಾಲುಗಳು ಗದ್ದಕ್ಕೆ ಬಂದವು. ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ಮೊಣಕಾಲೇ ಅಡ್ಡ. ನೆಟ್ಟಗೆ ಹೋಗಿ ಕಾಂಪೌಂಡಿನ ಕ್ರೋಟನ್ ಗಿಡಗಳ ನಡುವೆ ನಿಂತರು.

"ಕೂರೋಕೂ ಆಗಲ್ಲ, ತಿರುಗಿಸೋಕೂ ಆಗಲ್ಲ. ಇದು ಮೋಟಾರ್ ಸೈಕಲ್ಲೇ ಅಲ್ಲ ಕಣ್ರೀ, ಬರೀ ಪೈಪು!"

"ನಿಮ್ಮ ಷರಾಯಿ ನನಗೆ ಉದ್ದ ಸ್ವಾಮಿ. ಹಾಗಂತ ಅದು ಷರಾಯಿ ಅಲ್ಲ ಅಂತೀನಾ?"

ಅವರು ಮೈಮೇಲಿನ ಎಲೆ ಕೊಡವಿಕೊಂಡರು. "ಇದನ್ನ ಹೊಲಿದ ದರ್ಜಿಗೆ ಅಂಗಡಿ ಇದೆ. ಅಂಗಡಿಗೆ ಬೋರ್ಡು ಇದೆ."

ಪೊಲೀಸಿನವನ ತೀರ್ಪು

ಹಲ್ಲು ಕಡಿಯುತ್ತ ಗಾಡಿ ಓಡಿಸಿಕೊಂಡು ಹೊರಟೆ. ಗೇಟು ದಾಟಿದ್ದೇ ತಡ, ಪೊಲೀಸಿನವನು ಸೀಟಿ ಊದಿದ. "ಏನ್ರೀ, ನಂಬರ್ ಇಲ್ದೆ ಮೋಟಾರ್ ಸೈಕಲ್ ಓಡುಸ್ತಿದ್ದೀರಾ?"

ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಕೈ ಹಿಡಿದು ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿದೆ.

"ಕೇಳಿದ್ರಾ ಸ್ವಾಮಿ? ಮೋಟಾರ್ ಸೈಕಲ್ ಹೌದು ಅಂದ್ರೆ ನಂಬರ್ ಕೊಡಿ. ಅಲ್ಲ ಅಂದ್ರೆ ನನ್ನ ಬುಟ್ಬುಡಿ."

ಇನ್‌ಸ್ಪೆಕ್ಟರು ಬಹಳ ಯೋಚಿಸಿದರು. ನಂಬರ್ ಕೊಡುವುದಕ್ಕೆ ಅದು ಮೋಟಾರ್ ಸೈಕಲ್ ಅಲ್ಲ, ಜಪ್ತಿ ಮಾಡುವುದಕ್ಕೆ ಮಾತ್ರ ಮೋಟಾರ್ ಸೈಕಲ್ಲೇ ಅಂದರು. ನಾನು ಕೂಗಾಡಿದೆ, ಮೇಜು ಗುದ್ದಿದೆ. ಗಾಡಿ ಅವರ ಷೆಡ್ಡು ಸೇರಿತು.

ಹೊರಗೆ ಜವಾನ ಮೆಲ್ಲಗೆ ಹೇಳಿದ: "ದಸರಾ ಆದ್ಮೇಲೆ ಅಳೇ ಕಬ್ಬಿಣದ ಜೊತೆ ಅರಾಜಾಕ್ತಾರಂತೆ." ನನ್ನ ಕಣ್ಣು ತುಂಬಿದ್ದು ನೋಡಿ ಸಮಾಧಾನ ಮಾಡಿದ: "ಯೋಚ್ನೆ ಮಾಡ್ಬೇಡಿ, ನೀವೇ ಕೂಗಿ. ಅಗ್ಗವಾಗಿ ಸಿಕ್ತದೆ."

ನಿಂಬೆಹಣ್ಣು

ಕೊನೆಯ ಸಲ ಬೇಡಿಕೊಳ್ಳೋಣವೆಂದು ಹೋದ ಬೆಳಿಗ್ಗೆ ಕಚೇರಿಯಲ್ಲಿ ಆಯುಧಪೂಜೆ. ಕಂಡಕಂಡದ್ದಕ್ಕೆಲ್ಲ ಚೆಂಡುಹೂವಿನ ಹಾರ ಹಾಕಿದ್ದರು. ಜೀಪಿಗೆ, ಟೈಪ್‌ರೈಟರಿಗೆ, ಷೆಡ್ಡಿನಲ್ಲಿದ್ದ ನನ್ನ ಗಾಡಿಗೂ. ಇನ್‌ಸ್ಪೆಕ್ಟರೇ ಪಂಚೆ ಉಟ್ಟು ಮಂಗಳಾರತಿ ಎತ್ತಿದರು. ಇನ್ನು ಜೀಪು ನಿಂಬೆಹಣ್ಣಿನ ಮೇಲೆ ಹಾಯಬೇಕು. ಅದು ಸ್ಟಾರ್ಟ್ ಆಗಲಿಲ್ಲ. ಎಲ್ಲ ಸೇರಿ ತಳ್ಳಿದರೆ, ನಿಂಬೆಹಣ್ಣು ಒಡೆಯದೆ ಜಾರಿ ಮೋರಿಗೆ ಬಿತ್ತು.

ಇನ್‌ಸ್ಪೆಕ್ಟರ ಮುಖ ಬಿಳಿಚಿಕೊಂಡಿತು. ವರ್ಷವೆಲ್ಲ ಕಚೇರಿಗೆ ಕೇಡು ಎಂದು ಅವರ ಹೆದರಿಕೆ. ರಾಹುಕಾಲ ಬೇರೆ ಹತ್ತಿರ ಬರುತ್ತಿತ್ತು.

"ಆ ಕುಳ್ಳಪ್ಪನ ಗಾಡಿ ಐತಲ್ಲ ಸ್ವಾಮಿ," ಅಂದ ಜವಾನ.

"ಹೂಂ, ಹೂಂ! ರೀ, ಬೇಗ ಸ್ಟಾರ್ಟ್ ಮಾಡ್ರೀ!"

ನಾನು ಗಾಡಿ ಏರಿದೆ. ಹೊಸ ನಿಂಬೆಹಣ್ಣು ಚಕ್ರದ ಮುಂದೆ ಬಂತು. ಕಿಕ್ಕರ್ ಮೇಲೆ ಕಾಲಿಟ್ಟು ಸುಮ್ಮನೆ ಕೂತೆ. ಇಷ್ಟು ದಿನದ ಕೋಪವೆಲ್ಲ ಆ ಕಾಲಿಗೆ ಇಳಿದಿತ್ತು.

"ಏನನ್ನ ಸ್ವಾಮಿ ಸ್ಟಾರ್ಟ್ ಮಾಡೋದು? ಪೈಪನ್ನೇ?"

"ರಾಹುಕಾಲ ಬಂದ್ಬುಡ್ತು ಕಣ್ರೀ!"

"ಬರ್ಲಿ. ಪೈಪು ನಿಂಬೆಹಣ್ಣು ತುಳಿಯಲ್ಲ."

ಇನ್‌ಸ್ಪೆಕ್ಟರು ಆರತಿ ತಟ್ಟೆ ಹಿಡಿದುಕೊಂಡೇ ಇಡೀ ಕಚೇರಿಯ ಮುಂದೆ ಕಿರುಚಿದರು: "ಮೋಟಾರ್ ಸೈಕಲ್ ಕಣಯ್ಯಾ! ಮೋಟಾರ್ ಸೈಕಲ್!"

ಒಂದೇ ಒದೆಗೆ ಸ್ಟಾರ್ಟ್ ಆಯಿತು. ನಿಂಬೆಹಣ್ಣು ಪಚ್ಚೆಂದು ಒಡೆಯಿತು. ಅಷ್ಟು ಜನರ ಎದುರು ಆರತಿ ಹಿಡಿದು ಆಡಿದ ಮಾತನ್ನು ಅವರು ನುಂಗುವಂತಿರಲಿಲ್ಲ. ರಜೆ ಮುಗಿದದ್ದೇ ನಂಬರ್ ಕೊಟ್ಟರು.

ಆ ಜೀಪು ಮಾತ್ರ ಇವತ್ತಿಗೂ ರಿಪೇರಿಯಾಗಿಲ್ಲ. ಆಯುಧಪೂಜೆ ಬಂತೆಂದರೆ ಜವಾನ ನಮ್ಮ ಬಾಗಿಲಿಗೆ ಬರುತ್ತಾನೆ: "ಸಾಯೇಬ್ರು ಗಾಡಿ ತರ್ಬೇಕಂತೆ." ಹೋಗುತ್ತೇನೆ. ನಿಂಬೆಹಣ್ಣಿನ ಮುಂದೆ ನಿಲ್ಲಿಸಿ, ಕಿಕ್ಕರ್ ಮೇಲೆ ಕಾಲಿಟ್ಟು, ಇನ್‌ಸ್ಪೆಕ್ಟರ ಮುಖ ನೋಡುತ್ತ ಕೂರುತ್ತೇನೆ. ಅವರು ಇನ್ನೊಮ್ಮೆ ಕೂಗಿ ಹೇಳುವವರೆಗೆ ಒದೆಯುವುದಿಲ್ಲ.