ಬಬಲ್‌ಗಮ್ ಪರಿಮಳದ ಡಬ್ಬಿ

ಬಹರೈನಿಗೆ ಬಂದವರೆಲ್ಲ ಏನಾದರೊಂದನ್ನು ಕೂಡಿಹಾಕುತ್ತಾರೆ. ಕೆಲವರು ಚಿನ್ನ, ಕೆಲವರು ಅತ್ತರಿನ ಬಾಟಲಿ, ಕೆಲವರು ಊರಿಗೆ ಕೊಂಡೊಯ್ಯಲೆಂದು ಮಂಚದಡಿಯಲ್ಲಿ ಕಂಬಳಿ. ಏನನ್ನೂ ಕೂಡಿಹಾಕದವರು ಕೊನೆಗೆ ಸೊಂಟದ ಸುತ್ತ ಕೊಬ್ಬನ್ನಾದರೂ ಕೂಡಿಹಾಕುತ್ತಾರೆ. ನಾನು ಈ ಕೊನೆಯ ಗುಂಪಿನಲ್ಲಿ ನೆಮ್ಮದಿಯಾಗಿದ್ದವನು. ಈಗ ಮಾತ್ರ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುವ ಒಂದು ಸಂಗ್ರಹ ನನ್ನ ಬಳಿ ಇದೆ. ಅಮೆರಿಕದ ಹಳೆಯ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳು. ಒಂದು ಕಾಲದಲ್ಲಿ ಅಲ್ಲಿನ ಮಕ್ಕಳಿಗೆ ಬಬಲ್‌ಗಮ್ ಪೊಟ್ಟಣದೊಳಗೆ ಗಮ್ಮಿನ ಜೊತೆ ಇವು ಸಿಗುತ್ತಿದ್ದವಂತೆ. ಕಾರ್ಡುಗಳಿಂದಾಗಿ ನನಗೇನೂ ನಾಚಿಕೆಯಿಲ್ಲ. ನಾಚಿಕೆ ಏಕೆಂದರೆ ನನಗೆ ಬೇಸ್‌ಬಾಲ್ ಗೊತ್ತಿಲ್ಲ. ಒಂದು ಕಡೆ ಎಷ್ಟು ಜನ ಆಡುತ್ತಾರೆ, ಯಾವಾಗ ಔಟಾಗುತ್ತಾರೆ, ಚೆನ್ನಾಗಿರುವ ಬ್ಯಾಟನ್ನು ಬಿಸಾಡಿ ಯಾಕೆ ಓಡುತ್ತಾರೆ, ಯಾವುದೂ ಇವತ್ತಿನವರೆಗೆ ನನ್ನ ತಲೆಗೆ ಹೋಗಿಲ್ಲ.

ನಾವಿರುವುದು ಸನದ್‌ನಲ್ಲಿ. ಹಡಗುಗಳಿಗೆ ಸಾಮಾನು ಪೂರೈಸುವ ಕಂಪೆನಿಯೊಂದರಲ್ಲಿ ನಾನು ಅಕೌಂಟೆಂಟ್. ಒಂದು ಶುಕ್ರವಾರ ಬೆಳಿಗ್ಗೆ ಹೆಂಡತಿ ಸುಜಾತಾ ಇಸ್ತ್ರಿ ಮೇಜು ಬೇಕೆಂದು ನನ್ನನ್ನು ಎಬ್ಬಿಸಿ ಅವಾಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮನೆ ಖಾಲಿ ಮಾಡುತ್ತಿದ್ದ ವಿದೇಶಿ ಅಜ್ಜಿಯೊಬ್ಬರು ಸಂಸಾರದ ಸಾಮಾನನ್ನೆಲ್ಲ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಹರಡಿ ಮಾರುತ್ತಿದ್ದರು. ಸುಜಾತಾ ಮೇಜಿನ ಕಾಲುಗಳನ್ನು ಅಲುಗಾಡಿಸಿ ಚೌಕಾಸಿಗೆ ಇಳಿದಳು. ಅವಳ ಚೌಕಾಸಿ ನಡೆಯುವಾಗ ನಾನು ಪಕ್ಕದಲ್ಲಿ ನಿಲ್ಲಬಾರದು, ನನ್ನ ಮುಖ ನೋಡಿದರೆ ಮಾರುವವರಿಗೆ ಧೈರ್ಯ ಬರುತ್ತದೆ ಎಂಬುದು ನಮ್ಮ ಮನೆಯ ನಿಯಮ. ಹಾಗಾಗಿ ದೂರ ಹೋಗಿ ಸುಮ್ಮನೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದೆ. ಒಳಗಿನಿಂದ ಒಂದು ಪರಿಮಳ ಬಂತು ನೋಡಿ! ಸಕ್ಕರೆ, ಮುಖಕ್ಕೆ ಹಚ್ಚುವ ಪೌಡರು, ಹಳೆಯ ರಟ್ಟು, ಎಲ್ಲ ಸೇರಿದಂಥ ಪರಿಮಳ. ನನಗೆ ಅವಾಲಿ ಮರೆತುಹೋಯಿತು. ನಮ್ಮೂರು ಬ್ರಹ್ಮಾವರದ ಶಾಲೆಯ ಎದುರಿನ ಅಂಗಡಿಯಲ್ಲಿ, ಕ್ರಿಕೆಟ್ ಆಟಗಾರನ ಚಿತ್ರದ ಆಸೆಗೆ ಗಮ್ ಕೊಂಡು, ಗಮ್ಮನ್ನು ಮಗ್ಗಿ ಹೇಳುವಾಗಲೂ ಕೆನ್ನೆಯೊಳಗೆ ಅಡಗಿಸಿಟ್ಟುಕೊಳ್ಳುತ್ತಿದ್ದ ಚಡ್ಡಿ ಹುಡುಗ ನಾನಾಗಿದ್ದೆ. ಡಬ್ಬಿಯ ತುಂಬ ಇದ್ದ ಕಾರ್ಡುಗಳ ಆಟಗಾರರ ಪೈಕಿ ಒಬ್ಬನ ಕೆನ್ನೆಯೂ ಹಾಗೆಯೇ ಉಬ್ಬಿತ್ತು. ಅವನೂ ಮಾಸ್ತರರಿಂದ ಏನನ್ನೋ ಅಡಗಿಸುತ್ತಿದ್ದಾನೆಂದು ನನಗೆ ಆ ಕ್ಷಣವೇ ಖಾತ್ರಿಯಾಯಿತು.

ಇಸ್ತ್ರಿ ಮೇಜಿನ ಜೊತೆ ಆ ಡಬ್ಬಿಯನ್ನೂ ಕಾರ್ಡುಗಳ ಸಮೇತ ಕೊಂಡು ತಂದೆ. ಅಂದಿನಿಂದ ನನ್ನ ಶುಕ್ರವಾರದ ಮಧ್ಯಾಹ್ನಗಳು ಬದಲಾದವು. ಬಂಗುಡೆ ಸಾರಿನ ಊಟವಾಗಿ, ಪರದೆ ಎಳೆದು, ಏಸಿ ಗುಂಯ್ ಎನ್ನುತ್ತಿರುವಾಗ ಬಹರೈನಿಗೆ ಬಹರೈನೇ ಮಲಗಿರುತ್ತದೆ. ಹೊರಗೆ ಬಿಸಿಲು ಗೋಡೆಗಳನ್ನು ಹುರಿಯುತ್ತಿರುತ್ತದೆ. ನಾನು ಕಾರ್ಡುಗಳನ್ನು ಹಾಸಿಗೆಯ ಮೇಲೆ ಹರಡಿ, ಡಬ್ಬಿಯನ್ನು ದಿಂಬಿನ ಪಕ್ಕ ತೆರೆದಿಟ್ಟು ಒರಗುತ್ತೇನೆ. ಆಟ ಗೊತ್ತಿಲ್ಲದ್ದೇ ಒಳ್ಳೆಯದಾಯಿತು, ಆಟಗಾರರಿಗೆ ಬೇಕಾದ ಕೆಲಸ ಕೊಡಬಹುದು. ಮೀಸೆಯವನು ನನ್ನ ಕನಸಿನಲ್ಲಿ ಬಸ್ಸಿನ ಕಂಡಕ್ಟರು. ಒಂದು ಕಾಲು ಎತ್ತಿ ಚೆಂಡೆಸೆಯಲು ನಿಂತವನು, ಯಕ್ಷಗಾನದಲ್ಲಿ ಕುಣಿಯಲು ಹೊರಟು ಭಾಗವತರು ಪದ ಎತ್ತಲೆಂದು ಕಾಯುತ್ತಿರುವವನು. ಉಬ್ಬಿದ ಕೆನ್ನೆಯವನು ಮಾತ್ರ ನನ್ನ ಸಹಪಾಠಿ. ಅವನ ಕಾರ್ಡಿನ ಹಿಂದೆ ಗಮ್ಮಿನ ಕಂದು ಕಲೆಯೊಂದು ಉಳಿದಿತ್ತು. ಕಣ್ಣು ಮುಚ್ಚಿ ಅದನ್ನು ಮೂಗಿಗೆ ಹಿಡಿದರೆ ಸಾಕು, ನಾವಿಬ್ಬರೂ ಶಾಲೆಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿರುತ್ತಿದ್ದೆವು. ಅದಕ್ಕಿಂತ ಸುಖ ನನಗೆ ಗೊತ್ತಿಲ್ಲ. ಆದರೆ ಈ ಮೂಸುವ ವಿಷಯವನ್ನು ಸುಜಾತಾಗೆ ಹೇಳಿರಲಿಲ್ಲ. ತಲೆಗೂದಲು ನರೆತ ಗಂಡಸು ರಟ್ಟಿನ ತುಂಡು ಮೂಸುತ್ತಾನೆಂದು ಯಾವ ಬಾಯಿಂದ ಹೇಳುವುದು?

ಇಲ್ಲಿ ನಮ್ಮವರ ಇನ್ನೊಂದು ಹುಚ್ಚನ್ನೂ ಹೇಳಬೇಕು. ಗಲ್ಫಿಗೆ ಬಂದ ನಾವು ಕಾಗದಪತ್ರಗಳನ್ನು ಮಕ್ಕಳಿಗಿಂತ ಜೋಪಾನ ಮಾಡುತ್ತೇವೆ. ಒಂದು ಕಾಗದ ಕಳೆದರೆ ಬದುಕೇ ಕಳೆದಂತೆ ಎಂಬ ಹೆದರಿಕೆ ವಿಮಾನ ಹತ್ತುವಾಗಲೇ ಹತ್ತಿಕೊಂಡಿರುತ್ತದೆ. ಆದ್ದರಿಂದ ನಮ್ಮಲ್ಲಿ ಬೆಲೆಯುಳ್ಳದ್ದೆಲ್ಲ ಲ್ಯಾಮಿನೇಷನ್ ಆಗಬೇಕು. ಮದುವೆಯಾಗಿ ಸುಜಾತಾ ಇಲ್ಲಿಗೆ ಬಂದಾಗ ಹೊಸ ಮದುಮಗನಾದ ನಾನು ಅವಳನ್ನು ಮೊದಲು ಕರೆದುಕೊಂಡು ಹೋದದ್ದು ಸಮುದ್ರ ದಂಡೆಗಲ್ಲ, ಅವಳ ಅಂಕಪಟ್ಟಿಗಳನ್ನು ಹಿಡಿದುಕೊಂಡು ಲ್ಯಾಮಿನೇಷನ್ ಅಂಗಡಿಗೆ. ನಮ್ಮ ಮನೆಯಲ್ಲಿ ಮದುವೆಯ ಕರೆಯೋಲೆ, ಮಗಳು ಮೊದಲ ಸಲ ಗೀಚಿದ ಚಿತ್ರ, ಅತ್ತೆಯವರು ಹೇಳಿ ಬರೆಸಿದ ಉಪ್ಪಿನಕಾಯಿಯ ಅಳತೆ, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಭದ್ರ. ಸುಜಾತಾ ಇದನ್ನು ಪ್ರೀತಿಯ ರೀತಿ ಎಂದೇ ತಿಳಿದುಕೊಂಡಳು. ಕಲಿಸಿದ ಗುರು ನಾನೇ.

ಹೀಗಿರುವಾಗ ಕೆಲಸದ ಮೇಲೆ ನಮ್ಮ ಆಫೀಸಿಗೆ ಬರುವ ಪೀಟರ್ ಎಂಬ ಅಮೆರಿಕದವರ ಪರಿಚಯವಾಯಿತು. ಜುಫೈರಿನಲ್ಲಿ ಒಬ್ಬರೇ ಇರುವ ವಯಸ್ಸಾದ ಮನುಷ್ಯ. ಮಾತಿನ ನಡುವೆ ನನ್ನ ಕಾರ್ಡುಗಳ ವಿಷಯ ಬಂದದ್ದೇ ತಡ, ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಕಲೆಯಿರುವ ಕಾರ್ಡಿನ ಬಗ್ಗೆ ಎರಡೆರಡು ಸಲ ಕೇಳಿದರು. “ಗಮ್ಮಿನ ವಾಸನೆ ಇನ್ನೂ ಇದೆಯೆ?” ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದಾಗ ನನಗೆ ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಜಗತ್ತಿನಲ್ಲಿ ಮೂಸುವವನು ನಾನೊಬ್ಬನೇ ಅಲ್ಲ! ಶುಕ್ರವಾರ ಊಟಕ್ಕೇ ಬನ್ನಿ ಎಂದುಬಿಟ್ಟೆ. ಆ ವಾರವೆಲ್ಲ ಲೆಕ್ಕ ಬರೆಯುತ್ತಲೇ, ಆ ಕಾರ್ಡನ್ನು ಅವರ ಕೈಗೆ ಹೇಗೆ ಕೊಡುವುದು, ಅವರು ಹೇಗೆ ಕಣ್ಣು ಮುಚ್ಚುತ್ತಾರೆ ಎಂದು ಕನಸು ಕಂಡೆ.

ಶುಕ್ರವಾರ ಬಂತು. ಪೀಟರ್ ಖಾರದ ಕೋಳಿ ಸಾರು ಸುರಿದ ಕೋರಿ ರೊಟ್ಟಿ ತಿಂದು, ಬೆವರು ಒರೆಸಿಕೊಂಡು, ಇನ್ನು ನೋಡೋಣ ಎಂಬಂತೆ ನನ್ನತ್ತ ತಿರುಗಿದರು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಡಬ್ಬಿ ಖಾಲಿ! ಅಷ್ಟರಲ್ಲಿ ಸುಜಾತಾ ಒಳಗಿನಿಂದ ಒಂದು ತಟ್ಟೆ ಹಿಡಿದು ನಗುನಗುತ್ತ ಬಂದಳು. ತಟ್ಟೆಯ ತುಂಬ ನನ್ನ ಆಟಗಾರರು, ಒಬ್ಬೊಬ್ಬರಾಗಿ ಲ್ಯಾಮಿನೇಷನ್ ಆಗಿ ಮಿಂಚುತ್ತಿದ್ದರು.

“ಮೂಲೆ ಎಲ್ಲ ಮುರುಟಿ ಹೋಗಿತ್ತು ಮಾರಾಯ್ರೆ. ಹೊರಗಿನವರು ಬರುವಾಗ ಹಾಗೆಯೇ ತೋರಿಸ್ಲಿಕ್ಕೆ ಆಗ್ತದಾ?” ಎಂದಳು. “ಒಂದರ ಹಿಂದೆ ಎಂಥದೋ ಕಲೆ ಇತ್ತು. ಒದ್ದೆ ಬಟ್ಟೆಯಲ್ಲಿ ಚೆಂದ ಮಾಡಿ ಉಜ್ಜಿ ತೆಗೆದೆ. ಈಗ ನೋಡಿ, ಹೊಸತರ ಹಾಗೆ ಉಂಟು!”

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಉಬ್ಬಿದ ಕೆನ್ನೆಯವನನ್ನು ಎತ್ತಿ ಮೂಗಿನ ಹತ್ತಿರ ತಂದೆ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಶಾಲೆಯಿಲ್ಲ, ಬೆಂಚಿಲ್ಲ. ಬೈಯಲು ಬಾಯಿ ತೆರೆದೆ. ಎದುರಿಗೆ ಸುಜಾತಾ, ಪರೀಕ್ಷೆ ಬರೆದು ಮುಗಿಸಿದ ಮಗುವಿನ ಹಾಗೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. “ಚೆಂದ ಆಗಿದೆ” ಎಂದೆ.

ಪೀಟರ್ ಒಂದೊಂದೇ ಕಾರ್ಡನ್ನು ತಿರುಗಿಸಿ ನೋಡಿದರು. ಸುಜಾತಾ ಪಾಯಸ ತರಲು ಒಳಗೆ ಹೋದಾಗ ಮೆಲ್ಲಗೆ ಹೇಳಿದರು: “ಚಿಕ್ಕವನಿದ್ದಾಗ ನನ್ನ ಹತ್ತಿರವೂ ಒಂದು ಡಬ್ಬಿ ತುಂಬ ಇದ್ದವು. ನಾನು ಊರು ಬಿಟ್ಟ ಮೇಲೆ ನನ್ನಮ್ಮ ಕಸವೆಂದು ಎಸೆದುಬಿಟ್ಟಳು. ನನ್ನ ಗೆಳೆಯರ ಅಮ್ಮಂದಿರೂ ಹಾಗೆಯೇ ಮಾಡಿದರು. ನಿನ್ನ ಹೆಂಡತಿ ಒಂದನ್ನೂ ಎಸೆಯಲಿಲ್ಲ.” ಆಮೇಲೆ ಖಾಲಿ ಡಬ್ಬಿಯನ್ನು ಎತ್ತಿ, ಮುಖವನ್ನು ಅದರೊಳಗೆ ಹುದುಗಿಸಿ ಉಸಿರೆಳೆದರು. ಅವರ ಕಣ್ಣು ಮುಚ್ಚಿತು. ಡಬ್ಬಿಯನ್ನು ನನಗೆ ದಾಟಿಸಿದರು. ಪರಿಮಳ ಅಲ್ಲಿತ್ತು! ಪೂರ್ತಿ, ಹಾಗೆಯೇ. ನಾನೂ ಮುಖ ಹುದುಗಿಸಿದೆ. ಸುಜಾತಾ ಪಾಯಸ ತಂದಾಗ ಇಬ್ಬರು ಗಂಡಸರು ಸರದಿಯ ಮೇಲೆ ಖಾಲಿ ಡಬ್ಬಿಯಲ್ಲಿ ತಲೆಯಿಟ್ಟಿರುವುದನ್ನು ಕಂಡು ಬಾಗಿಲಲ್ಲೇ ನಿಂತಳು. “ಎಂತ, ಡಬ್ಬಿ ವಾಸನೆ ಬರ್ತಾ ಉಂಟಾ? ನಾಳೆ ಸೋಪು ಹಾಕಿ ತೊಳೀತೇನೆ. ಚಕ್ಕುಲಿ ಹಾಕಿಡ್ಲಿಕ್ಕೆ ಆಗ್ತದೆ” ಎಂದಳು.

ಮರುದಿನ ಅವಳು ಏಳುವ ಮೊದಲೇ ಡಬ್ಬಿಯನ್ನು ಕಾರಿಗೆ ಹಾಕಿದೆ. ಈಗ ಅದು ಆಫೀಸಿನಲ್ಲಿ, ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿದೆ. ಮಧ್ಯಾಹ್ನ ಎಲ್ಲರೂ ತೂಕಡಿಸುವಾಗ ಬಾಗಿ, ಮುಚ್ಚಳ ಸರಿಸಿ, ಒಂದು ಉಸಿರು ಎಳೆದುಕೊಂಡು, ಬ್ರಹ್ಮಾವರಕ್ಕೆ ಹೋಗಿ ಬರುತ್ತೇನೆ. ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ. ಮೊನ್ನೆ ನಮ್ಮ ಮ್ಯಾನೇಜರ್ ಯೂಸುಫ್ ಒಳಗೆ ಕರೆದು, ಬಾಗಿಲು ಹಾಕಿ, ಕುರ್ಚಿ ತೋರಿಸಿ, ಬಹಳ ಮರುಕದಿಂದ, “ಡ್ರಾಯರಿನಲ್ಲಿ ಏನಿದೆ ಎಂದು ನಾನು ಕೇಳುವುದಿಲ್ಲ. ಮನೆಯಲ್ಲಿ ಎಲ್ಲ ಸರಿಯಿದೆ ತಾನೆ?” ಎಂದರು.

“ಸರಿಯಿದೆ ಸರ್,” ಎಂದೆ. “ಎಲ್ಲ ಲ್ಯಾಮಿನೇಷನ್ ಆಗಿದೆ.”